ಯಾರಿಗೆ ಸಿಸ್ಟರ್?

ಗಂಡಸರ ವಾರ್ಡಿನ ನರ್ಸ್ ಆಕೆ. ಅಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಗಂಟಲು ಒಣಗಿದರೆ ಸಿಸ್ಟರ್, ಡ್ರಿಪ್ ನಿಂತರೆ ಸಿಸ್ಟರ್, ಫ್ಯಾನು ತಿರುಗದಿದ್ದರೂ ಸಿಸ್ಟರ್. ಅಜ್ಜನಿಗೂ ಸಿಸ್ಟರ್, ಅವನನ್ನು ನೋಡಲು ಬಂದ ಮೊಮ್ಮಗನಿಗೂ ಸಿಸ್ಟರ್. ಅಲ್ಲೇ ನರ್ಸ್ ಆಗಿರುವ ನನ್ನನ್ನು ಬ್ರದರ್ ಅನ್ನುತ್ತಾರೆ. ಬೆಡ್‌ಪ್ಯಾನ್ ಬೇಕಾದಾಗ ಮಾತ್ರ ಯಾರ ಬಾಯಲ್ಲೂ ಬ್ರದರ್ ಬರುವುದಿಲ್ಲ. ನಾನು ಹಾಗೆ ಹೇಳಿದರೆ ಆಕೆ ನಗುತ್ತಿದ್ದಳು.

ಒಂದು ಮಧ್ಯಾಹ್ನ ರೋಗಿಯೊಬ್ಬರ ಮಗ ಊಟದ ಡಬ್ಬಿ ಹಿಡಿದು ಬಂದ. ಅಪ್ಪನಿಗೆ ಸಂಜೆ ಆಪರೇಷನ್, ಹೊಟ್ಟೆ ಖಾಲಿ ಇರಬೇಕು. ಆಕೆ ಅಡ್ಡ ನಿಂತಳು.

“ನೀರೂ ಕೊಡೋ ಹಾಗಿಲ್ಲ ಸಾರ್.”

“ಹಸಿವು ಅಂತಿದಾರೆ. ಸೈಡಿಗೆ ಬನ್ನಿ ಸಿಸ್ಟರ್.”

ಆಕೆ ಡಬ್ಬಿಯ ಮುಚ್ಚಳ ಹಾಕಿದಳು. ಅವನು ಕೆನ್ನೆಗೆ ಬಿಗಿದ. ಕನ್ನಡಕ ಹಾರಿ ಮಂಚದಡಿ ಬಿತ್ತು. ನಾನು ಓಡಿಬಂದು ಅವನ ರಟ್ಟೆ ಹಿಡಿದೆ.

ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಆಕೆಯನ್ನು ಕರೆಸಿ, “ಸಿಸ್ಟರ್ ಅಂದ್ಮೇಲೆ ತಾಳ್ಮೆ ಬೇಕಲ್ವಾ? ಇಲ್ಲಿಗೇ ಬಿಟ್ಬಿಡಿ” ಅಂದರು. ಆಕೆ ಬಿಡಲಿಲ್ಲ. ನನ್ನನ್ನು ಸಾಕ್ಷಿಗೆ ಕರೆದುಕೊಂಡು ನೇರ ಠಾಣೆಗೆ ನಡೆದಳು.

ಮರುದಿನ ಆಸ್ಪತ್ರೆಗೆ ಬಂದವನು ಆಕೆಯ ಒಡಹುಟ್ಟಿದ ತಮ್ಮ. ಹಿಂದೆಯೇ ಹೊಡೆದ ಆ ಮಗರಾಯ. ಆಕೆಯ ತಮ್ಮ ಕೆಲಸಕ್ಕಿರುವ ಅಂಗಡಿಯ ಮಾಲೀಕನಿಗೆ ಅವನು ಭಾವಮೈದುನನಂತೆ.

“ಅಕ್ಕಾ, ಕಂಪ್ಲೇಂಟ್ ವಾಪಸ್ ತಗೋ. ನನ್ನ ಕೆಲಸಕ್ಕೇ ಕುತ್ತು ಬರತ್ತೆ” ಅಂದ ತಮ್ಮ.

ಹೊಡೆದವನು ಕೈಮುಗಿದ. “ಸಾರಿ ಸಿಸ್ಟರ್. ನಿಮ್ಮ ಬ್ರದರ್ ಅಂದ್ಕೊಂಡು ಕ್ಷಮಿಸಿಬಿಡಿ.”

“ಮುಚ್ಚು ಬಾಯಿ! ನಿನ್ನೆ ನನ್ನ ಪಕ್ಕಕ್ಕೆ ತಳ್ಳೋಕೆ ಸಿಸ್ಟರ್ ಅಂದೆ. ಇವತ್ತು ಬಾಯಿ ಮುಚ್ಚಿಸೋಕೆ ಸಿಸ್ಟರ್ ಅಂತಿದೀಯ. ನಾನಿಲ್ಲಿ ನರ್ಸು, ನಿನ್ನ ಮನೆಯವಳಲ್ಲ. ನಿನ್ನ ಸ್ವಂತ ಅಕ್ಕಂಗೆ ಯಾರಾದ್ರೂ ಹೀಗೆ ಬಾರಿಸಿದ್ರೆ ಸಾರಿ ಇಸ್ಕೊಂಡು ಸುಮ್ನೆ ಮನೆಗೆ ಹೋಗ್ತಿದ್ಯಾ?”

ಆಕೆ ತಮ್ಮನತ್ತ ತಿರುಗಿದಳು.

“ಬಂದಾಗಿಂದ ಒಂದ್ಸಲನಾದ್ರೂ ನನ್ನ ಕೆನ್ನೆ ನೋಡಿದ್ಯೇನೋ?”

ತಮ್ಮ ನೆಲ ನೋಡುತ್ತ ಹೊರಟುಹೋದ.

ದೂರು ಉಳಿಯಿತು, ನಾನು ಸಾಕ್ಷಿ ಹೇಳಿದೆ, ಹೊಡೆದವನಿಗೆ ಶಿಕ್ಷೆಯೂ ಆಯಿತು. ತಮ್ಮನ ಕೆಲಸವೇನೂ ಹೋಗಲಿಲ್ಲ. ಆದರೂ ಅವನು ಅಕ್ಕನ ಮನೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟ. ಆ ಮಾತೆತ್ತಿದರೆ ಆಕೆಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

“ಹೊಡೆದವನ ಮೇಲಿನ ಸಿಟ್ಟು ಆರಿತು. ತಮ್ಮನ ಮೇಲಿಂದು ಆರಲ್ಲ” ಎನ್ನುತ್ತಾಳೆ. ಎನ್ನುತ್ತಲೇ ಸಿರಿಂಜಿನ ಪೊಟ್ಟಣವನ್ನು ಪರ್ರನೆ ಹರಿದು ಮುಂದಿನ ಮಂಚದತ್ತ ಹೋಗುತ್ತಾಳೆ.