ಕಂಪ್ಯೂಟರ್ ಅಕ್ಕನ ಗಂಟಿ

ಮೊನ್ನಿ ಅಂಗಡಿ ತಗಡ ಬಿಚ್ಚುವಾಗ ತೊಲಿಗೆ ಕಟ್ಟಿದ್ದ ಎತ್ತಿನ ಕೊಳ್ಳಗಂಟಿ ಕೈಗೆ ಸಿಕ್ತು. ಕಿಲುಬು ಹಿಡದದ. ಅಲ್ಲಾಡಿಸಿದ್ರ ಇನ್ನೂ ಸಪ್ಪಳ ಮಾಡ್ತದ...

ಶಹಾಪುರಕ್ಕ ಕೆನಾಲ್ ನೀರು ಬಂದು ಬಜಾರ ಬೆಳ್ಯಾಕತ್ತಿದ್ದ ಕಾಲ. ನಂದು ಚಹಾದಂಗಡಿ. ಎದುರಿಗೆ ಗೊಬ್ಬರದಂಗಡಿ, ಅದರ ಮ್ಯಾಲ ಟೈಪಿಂಗ್ ಅಂಗಡಿ. ಎರಡೂ ಕಡಿಯಿಂದ ಹಗ್ಗ ಎಳದು ನನ್ನಲ್ಲಿ ಒಂದ ಗಂಟಿಗೆ ಕಟ್ಟಿದ್ದೆ. ಜಗ್ಗಿದ್ರ ಚಹಾ ಬೇಕು ಅಂತ. ಯಾರು ಜಗ್ಗ್ಯಾರ ತಿಳೀತಿದ್ದಿಲ್ಲ, ಎರಡೂ ಕಡಿ ಹೋಗಿ ಕೇಳ್ತಿದ್ದೆ.

ಟೈಪಿಂಗ್ ಅಂಗಡ್ಯಾಗ ಕುಂದ್ರತಿದ್ದಾಕಿಗೆ ಬಜಾರದಾಗ ಎಲ್ಲಾರೂ ಕಂಪ್ಯೂಟರ್ ಅಕ್ಕ ಅಂತಿದ್ರು. ಗಂಡನ ಹೊಡ್ತ ತಾಳ್ಲಾರದ ತವರಿಗೆ ಬಂದಿದ್ಲು. ಕೆಲಸ ಇರೂತನ ಇಲ್ಲಿರು, ಅದು ಹೋದ ದಿನ ಗಂಡನ ಮನಿಗೆ ನಡಿ ಅಂತ ಆಕಿ ಅಪ್ಪ ಹೇಳಿದ್ನಂತ. ಅಂಗಡಿ ಸಾವ್ಕಾರ ಕಂಪ್ಯೂಟರಿಗೆ ಫೋನ್ ತಂತಿ ಮ್ಯಾಲ ಸುದ್ದಿ ಕಳಸೂ ಮಾಡೆಂ ಹಾಕ್ಸಿದ್ದ. ಅದು ಫೋನ್ ಹಚ್ಚಿದ ಕೂಡ್ಲೆ ಮೌಸ್ ಸತ್ತಂಗ ನಿಂದ್ರತಿತ್ತು. "ನಾಳಿ ಬರ್ತೀನಿ. ನಡೀಲಿಲ್ಲಂದ್ರ ಅಂಗಡಿ ಬಂದ್" ಅಂದು ಹೋದ.

ಚಹಾ ಒಯ್ದಾಗ ಅಕ್ಕ ಕಂಪ್ಯೂಟರಿನ ಡಬ್ಬಿ ಬಿಚ್ಚಿಕೊಂಡು ಕುಂತಿದ್ಲು.

"ಏನ್ರಿ ಅಕ್ಕ, ಜ್ವರ ಬಂದದೇನು ಇದಕ್ಕ?"

"ನಿನ್ನ ಗಂಟಿ ರೋಗ ಬಂದದ ತಮ್ಮಾ. ಕಂಪ್ಯೂಟರನ್ನ ಮೌಸ್ ಕರದ್ರೂ ಒಳಗ ನಾಕ ನಂಬರ್ ಗಂಟಿ, ಮಾಡೆಂ ಕರದ್ರೂ ಅದ ನಾಕ. ನೀ ಎರಡೂ ಕಡಿ ಹೋಗಿ ಕೇಳ್ತಿ. ಇದು ಒಬ್ಬರನ್ನ ಕೇಳಿ ಸುಮ್ಮ ಕುಂದ್ರತದ."

"ಹಂಗಾರ ಇನ್ನೊಂದು ಗಂಟಿ ಕಟ್ರಿ."

"ಅದ ಮಾಡಾಕತ್ತೇನಿ. ಬೆಳಕಿಗೆ ಅಡ್ಡ ನಿಂದ್ರಬ್ಯಾಡ."

ತಲಿಯಾಗಿನ ಪಿನ್ ತಗದು ಮಾಡೆಂ ಕಾರ್ಡಿನ ಮ್ಯಾಲಿನ ನಂಬರ್ ಬದಲಿಸೂ ಜಂಪರ್ ಅನ್ನೂ ಸಣ್ಣ ಕ್ಲಿಪ್ ನಾಕರಿಂದ ಕಿತ್ತು ಐದಕ್ಕ ಚುಚ್ಚಿದ್ಲು. ಐದು ಖಾಲಿ ಇತ್ತು. ಹಚ್ಚಿದ್ರ ಮೌಸ್ ಬದುಕ್ತು, ಮಾಡೆಂ ಸತ್ತಿತು. ಅಕ್ಕನ ಮಾರಿ ಬೆಳ್ಳಗಾತು. ಎದ್ಲು, ಅಡ್ಡಾಡಿದ್ಲು, ಕುಂತ್ಲು, ಮತ್ತ ಎದ್ಲು...

"ಥೂ. ಕಾರ್ಡಿಗೆ ಹೇಳೀನಿ, ಅದನ್ನ ನಡಸೂ ಡ್ರೈವರ್ ಪ್ರೋಗ್ರಾಮಿಗೆ ಹೇಳೇ ಇಲ್ಲ. ಅದಿನ್ನೂ ನಾಕರ ಕಡಿ ಕಿವಿ ಕೊಟ್ಟು ಕುಂತದ."

ಒಳಗೂ ಐದು ಅಂತ ಬರದ್ಲು. ಮಾಡೆಂ ಕೀಂಯ್ ಅಂತು, ಮೌಸೂ ಓಡ್ತು. ಅಕ್ಕ ನಕ್ಕಿದ್ದು ಅವತ್ತ ನೋಡಿದ್ದು ನಾ. ಸಂಜಿಗೆ ನಾನೂ ಆಕಿಗೆ ಬ್ಯಾರೆ ಹಗ್ಗ ಎಳದು ಈ ಗಂಟಿ ಕಟ್ಟಿದೆ.

ಮರುದಿನ ಸಾವ್ಕಾರ ಬಂದ, ನೋಡಿದ. "ಚಲೋ ನಡೀತದಲ್ಲ. ಕಂಪ್ಯೂಟರ್ ಯಾದಗಿರಿ ಅಂಗಡಿಗೆ ಒಯ್ತೀನಿ. ಅಲ್ಲಿ ನಮ್ಮ ಅಳಿಯ ಕುಂದ್ರತಾನ" ಅಂದು ಜೀಪಿನ್ಯಾಗ ಹೇರಿಕೊಂಡು ಹೋದ. ಅಕ್ಕನ ಕೆಲಸ ಹೋತು, ಅಂಗಡಿಗೆ ಕೀಲಿ ಹಾಕಿ ಮೆಟ್ಟಲ ಇಳದ್ಲು. ವಾರದಾಗ ಆಕಿ ಅಪ್ಪ ಗಂಡನೂರಿನ ಬಸ್ ಹತ್ತಿಸಿಬಿಟ್ಟ. ಆಮ್ಯಾಲ ಏನಾದ್ಲೋ...

ಗಾಳಿ ಬಿಟ್ರ ಹಗ್ಗ ಅಲ್ಲಾಡಿ ಗಂಟಿ ಹೊಡೀತಿತ್ತು. ಮೊದಲ ಸಲ ಚಹಾ ಹಿಡಕೊಂಡು ಮೆಟ್ಟಲ ಹತ್ತಿ ಹೋಗಿದ್ದೆ. ಕೀಲಿ ಹಾಕಿತ್ತು.

ಈಗ ಚಹಾ ಬೇಕಂದ್ರ ಫೋನ್ ಮಾಡ್ತಾರ. ಹೊಸ ತಗಡ ಹಾಕಿದೆ. ಗಂಟಿ ಮತ್ತ ಕಟ್ಟಲಿಲ್ಲ, ಅದು ಆಕಿ ಒಬ್ಬಾಕಿದು. ಕಿಸೇದಾಗ ಇಟ್ಟೀನಿ. ನಡಿಯುವಾಗ ಸಪ್ಪಳ ಮಾಡ್ತದ. ನಾ ತಿರುಗಿ ಆ ಮ್ಯಾಲಿನ ಅಂಗಡಿ ಕಡಿ ನೋಡ್ತೀನಿ.