ದಿನ ಬಿಟ್ಟು ದಿನ ಹೊರಡುತ್ತಿದ್ದ ದಿಂಬಿನ ಕವರು

ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆಕೋಣೆ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ದಿಂಬಣ್ಣ ಎನ್ನುತ್ತಿದ್ದರು. ಒಗೆದು ಬಂದ ಬೆಡ್‌ಶೀಟು, ಟವೆಲು, ದಿಂಬಿನ ಕವರುಗಳನ್ನು ಎಣಿಸಿ, ಮಡಚಿ, ಮೇಲಿನ ಮಹಡಿಗಳಿಗೆ ಕಳಿಸುವುದು ಅವನ ಕೆಲಸ. ಗೋಡೆಯುದ್ದಕ್ಕೂ ಒಂದು ಮರದ ಬೆಂಚಿತ್ತು. ದಿಂಬಣ್ಣ ಬೆಳಿಗ್ಗೆ ಅದರ ಒಂದು ತುದಿಯಲ್ಲಿ ಕೂತರೆ, ಬೇಕಾದ ಕಪಾಟಿನ ಕಡೆಗೆ ಜಾರಿಕೊಂಡೇ ಹೋಗುತ್ತಿದ್ದ. ಏಳುವ ಮಾತೇ ಇರಲಿಲ್ಲ. ಹಾಗಾಗಿ ಬೆಂಚು ಫಳಫಳ ಹೊಳೆಯುತ್ತಿತ್ತು, ಅವನ ಪ್ಯಾಂಟಿನ ಹಿಂಭಾಗ ಮಾತ್ರ ಸವೆದು ಜಾಲರಿಯಾಗಿತ್ತು.

ಬಟ್ಟೆಗಳು ಕಾಣೆಯಾಗುತ್ತಿವೆ ಎಂದು ಮ್ಯಾನೇಜರಮ್ಮ ಆರ್‌ಎಫ್‌ಐಡಿ ಎಂಬ ಹೊಸ ವ್ಯವಸ್ಥೆ ತರಿಸಿದರು. ಒಬ್ಬಳು ಎಂಜಿನಿಯರ್ ಹುಡುಗಿ ಬಂದು, ಪ್ರತಿ ಬಟ್ಟೆಯ ಅಂಚಿನೊಳಗೂ ಉಗುರಿನಗಲದ ಟ್ಯಾಗೊಂದನ್ನು ಹೊಲಿಸಿದಳು.

"ಇದಕ್ಕೆ ಬ್ಯಾಟರಿ ಎಲ್ಲಮ್ಮಾ?" ದಿಂಬಣ್ಣ ಕೇಳಿದ.

"ಬ್ಯಾಟರಿ ಬೇಡ ಅಂಕಲ್. ಅದು ಸುಮ್ನೆ ಮಲಗಿರುತ್ತೆ. ರೀಡರ್ ಅಂತ ಇದೆಯಲ್ಲ, ಅದು ರೇಡಿಯೊ ಅಲೆ ಬಿಡುತ್ತೆ. ಆ ಅಲೆಯಿಂದಲೇ ಚೂರು ಶಕ್ತಿ ತಗೊಂಡು ಟ್ಯಾಗ್ ಏಳುತ್ತೆ, ತನ್ನ ನಂಬರ್ ಹೇಳುತ್ತೆ, ಮತ್ತೆ ನಿದ್ದೆ."

"ನನ್ನ ಥರಾನೇ ಅನ್ನು. ಮ್ಯಾನೇಜರಮ್ಮ ಬಂದಾಗ ನಾನೂ ಅಷ್ಟೇ."

ಬಟ್ಟೆ ತುಂಬಿದ ಗಾಡಿಯನ್ನು ರೀಡರಿನ ಮುಂದೆ ತಳ್ಳಿದರೆ ಸಾಕು, ಒಂದನ್ನೂ ಬಿಚ್ಚದೆ ಎಲ್ಲದರ ಲೆಕ್ಕ ಕಂಪ್ಯೂಟರಿಗೆ ಬರುತ್ತಿತ್ತು. ಎಣಿಸುವ ಕೆಲಸ ತಪ್ಪಿತೆಂದು ದಿಂಬಣ್ಣ ಹಿಗ್ಗಿದ. ಕೆಲಸದವರು ಓಡಾಡುವ ಹಿಂಬಾಗಿಲ ಓಣಿಯಲ್ಲೂ ಬಾಗಿಲಿಗೆ ಮುಖ ಮಾಡಿ ಇನ್ನೊಂದು ರೀಡರನ್ನು ಕೂರಿಸಿದರು. ಅದು ಸದ್ದು ಮಾಡದೆ, ಕಂಡದ್ದನ್ನು ಕಂಪ್ಯೂಟರಿಗೆ ಚಾಡಿ ಹೇಳುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಮ್ಯಾನೇಜರಮ್ಮ ದಿಂಬಣ್ಣನನ್ನು ಕರೆಸಿದರು.

"ಒಂದು ದಿಂಬಿನ ಕವರು ಸಂಜೆ ಹೊರಗೆ ಹೋಗ್ತಿದೆ."

"ಯಾವನೋ ಕದ್ದಿರ್ತಾನೆ ಮೇಡಂ."

"ಪೂರ್ತಿ ಕೇಳಿ. ಒಂದು ದಿನ ಬಿಟ್ಟು ಒಂದು ದಿನ, ಅದೇ ಕವರು ಹೋಗ್ತಿದೆ. ಒಳಗೆ ಬಂದಿದ್ದು ಮಾತ್ರ ಒಂದು ಸಲವೂ ಇಲ್ಲ."

ಹೋದದ್ದು ಬಾರದೆ ಮತ್ತೆ ಹೋಗುವುದು ಹೇಗೆಂದು ದಿಂಬಣ್ಣನ ತಲೆಗೆ ಹೊಳೆಯಲಿಲ್ಲ. ಆದರೂ, "ನನಗೆ ಬಿಡಿ ಮೇಡಂ, ಹಿಡಿದೇ ಹಿಡೀತೀನಿ," ಎಂದು ಎದೆಯುಬ್ಬಿಸಿದ. ಎದೆಗಿಂತ ಮೊದಲು ಹೊಟ್ಟೆ ಉಬ್ಬಿತು.

ಮರುದಿನ ಸಂಜೆ ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ಅವನು ಓಣಿಯ ನಡುವೆ, ಬಾಗಿಲನ್ನೇ ದಿಟ್ಟಿಸುತ್ತ ಕಾವಲು ನಿಂತ. ಪಾತ್ರೆ ತೊಳೆಯುವವರ ಚೀಲ ನೋಡಿದ, ಲಿಫ್ಟಿನವನ ಛತ್ರಿ ಬಿಚ್ಚಿಸಿದ. ಕೊನೆಗೆ ಅಡುಗೆಭಟ್ಟ ಬಂದ. ಅವನ ಅಂಗಿಯ ಗುಂಡಿಗಳು ಕಿತ್ತುಬರುವಂತಿದ್ದವು.

"ಒಳಗೇನು ತುರುಕಿದ್ದೀಯಾ?" ಎಂದು ದಿಂಬಣ್ಣ ಬೆರಳಿನಿಂದ ತಿವಿದ.

"ಹೊಟ್ಟೆ ಕಣಯ್ಯಾ!"

"ಇಷ್ಟೊಂದಾ? ಎರಡು ದಿಂಬು ಹಿಡಿಯುತ್ತೆ."

"ನಿನ್ನದನ್ನ ಒಂದ್ಸಲ ಬಗ್ಗಿ ನೋಡ್ಕೋ, ಕಾಲು ಕಾಣ್ಸುತ್ತಾ ಅಂತ!"

ಮಾತಿಗೆ ಮಾತು ಬೆಳೆದು ಓಣಿಯಲ್ಲಿ ಜನ ಸೇರಿದರು. ಅಷ್ಟರಲ್ಲಿ ಮ್ಯಾನೇಜರಮ್ಮ ಮೆಟ್ಟಿಲಿಳಿದು ಧಾವಿಸಿ ಬಂದರು. ಅವರ ಹಿಂದೆ, ರೀಡರೇ ಕೆಟ್ಟಿದೆಯೇನೋ ಎಂದು ನೋಡಲು ಬಂದಿದ್ದ ಎಂಜಿನಿಯರ್ ಹುಡುಗಿ.

"ಏನ್ರೀ ಇದು! ನೀವು ನಿಂತಾಗಿನಿಂದ ಆ ಕವರು ಕಂಪ್ಯೂಟರಿನಲ್ಲಿ ಬಿಟ್ಟೂಬಿಡದೆ ಕಾಣಿಸ್ತಿದೆ. ಈ ಓಣಿಯಲ್ಲೇ ಬೀಡುಬಿಟ್ಟಿದೆ!" ಎಂದರು ಮ್ಯಾನೇಜರಮ್ಮ.

ಹುಡುಗಿ ಕೈಯಲ್ಲಿ ಹಿಡಿಯುವ ಪುಟ್ಟ ರೀಡರನ್ನು ತೆಗೆದಳು. ಗೋಡೆಗೆ ಹಿಡಿದಳು, ಸದ್ದಿಲ್ಲ. ಅಡುಗೆಭಟ್ಟ ತಾನಾಗಿ ಮುಂದೆ ಬಂದು ಹೊಟ್ಟೆಯೊಡ್ಡಿದ, ಸದ್ದಿಲ್ಲ. ಆಮೇಲೆ ಅವಳು ದಿಂಬಣ್ಣನ ಹಿಂದಿನಿಂದ ಹಾದಳು.

ಪೀಂ.

ದಿಂಬಣ್ಣ ಗಕ್ಕನೆ ಅವಳತ್ತ ತಿರುಗಿದ. ಸದ್ದು ನಿಂತಿತು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಮತ್ತೆ ಆ ಕಡೆ ತಿರುಗಿ."

ಪೀಂ. ಪೀಂ. ಪೀಂ.

ದಿಂಬಣ್ಣ ಎರಡೂ ಕೈಯಿಂದ ಹಿಂಭಾಗ ಮುಚ್ಚಿಕೊಂಡ. ಆಗ ಅವನಿಗೆ ಎಲ್ಲವೂ ನೆನಪಾಯಿತು. ಹರಿದ ಬಟ್ಟೆಗಳ ಟ್ಯಾಗ್ ಕತ್ತರಿಸಿ, ಅದರ ನಂಬರು ತೆಗೆಸಿ, ಕೆಲಸದವರಿಗೆ ಕೊಡಬಹುದೆಂಬ ನಿಯಮವಿತ್ತು. ಒಂದು ಕವರಿನ ಅಂಚು ಗಟ್ಟಿಯಾಗಿದೆಯಲ್ಲ ಎಂದು ಕತ್ತರಿ ಹಾಕಲು ಮನಸ್ಸಾಗದೆ ಹಾಗೇ ಮನೆಗೊಯ್ದಿದ್ದ. ಹೆಂಡತಿ ಅದೇ ಅಂಚನ್ನು ಅವನ ಪ್ಯಾಂಟಿಗೆ ಒಳಗಿನಿಂದ ತೇಪೆ ಹಾಕಿದ್ದಳು. ಇದ್ದದ್ದು ಎರಡು ಪ್ಯಾಂಟು. ತೇಪೆಯದನ್ನು ದಿನ ಬಿಟ್ಟು ದಿನ ಹಾಕುತ್ತಿದ್ದ.

"ಮತ್ತೆ ಬೆಳಿಗ್ಗೆ ಬರುವಾಗ ಯಾಕೆ ಸಿಗ್ಲಿಲ್ಲ?" ಮ್ಯಾನೇಜರಮ್ಮ ಕೇಳಿದರು.

ಹುಡುಗಿ ನಗು ತಡೆದುಕೊಂಡು ಹೇಳಿದಳು: "ನಮ್ಮ ಮೈಯಲ್ಲಿ ನೀರೇ ಜಾಸ್ತಿ ಮೇಡಂ. ಈ ಅಲೆ ನೀರನ್ನ ದಾಟಲ್ಲ. ಬರುವಾಗ ರೀಡರಿಗೆ ಅಂಕಲ್ ಹೊಟ್ಟೆ ಅಡ್ಡ. ಹೋಗುವಾಗ ಬೆನ್ನು ತಿರುಗಿಸ್ತಾರಲ್ಲ..."

ಮುಂದಿನದು ಯಾರಿಗೂ ಕೇಳಿಸಲಿಲ್ಲ. ಓಣಿಗೆ ಓಣಿಯೇ ನಗುತ್ತಿತ್ತು. ದಿಂಬಣ್ಣ ಅಲ್ಲೇ ಅಡುಗೆಭಟ್ಟನ ಕೈ ಹಿಡಿದು, "ತಪ್ಪಾಯ್ತಪ್ಪಾ," ಎಂದ.

"ತಿವಿದಿದ್ದಕ್ಕೆ ಬೇಜಾರಿಲ್ಲ," ಎಂದ ಭಟ್ಟ. "ಎರಡು ದಿಂಬು ಅಂದೆಯಲ್ಲ, ಅದು ಜಾಸ್ತಿಯಾಯ್ತು."

ಮನೆಯಲ್ಲಿ ಹೆಂಡತಿ ನಡೆದದ್ದನ್ನು ಕೇಳಿ, ಅತ್ತಳೋ ನಕ್ಕಳೋ ತಿಳಿಯದಂತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಓಡಾಡಿ ಕೆಲಸ ಮಾಡೋ ಗಂಡನಿಗೆ ಚಪ್ಪಲಿ ಸವೆಯುತ್ತೆ. ನನ್ನ ಹಣೆಬರಹಕ್ಕೆ ಇದು," ಎಂದು ಪ್ಯಾಂಟು ಬಿಚ್ಚಿಸಿಕೊಂಡು ತೇಪೆ ಕೀಳಲು ಕೂತಳು.

ದಿಂಬಣ್ಣ ಸೊಂಟಕ್ಕೆ ಟವೆಲು ಸುತ್ತಿಕೊಂಡು ಪಕ್ಕದಲ್ಲಿ ನಿಂತ.

"ಅದೆಲ್ಲಿಂದ ಬಂತು?" ಅವಳು ತಲೆಯೆತ್ತದೆ ಕೇಳಿದಳು.

"ಅಂಗಡಿಯಿಂದ ತಂದಿದ್ದು ಕಣೇ! ನೀನೇ ಆರಿಸಿದ್ದಲ್ವಾ?"

ಅವಳು ಹೊಲಿಗೆ ಬಿಚ್ಚುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ದಿಂಬಣ್ಣ ಗೋಡೆಯ ಕಡೆ ತಿರುಗಿ, ಟವೆಲಿನ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಒತ್ತಿ ಒತ್ತಿ ನೋಡಿಕೊಂಡ.