ಮೆಟ್ಟಿಲು ಹತ್ತಿದ ಗಗನಯಾತ್ರಿ

ನನ್ನ ಕೆಲಸ ಹಲ್ಲು ಮಾಡುವುದು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾನು ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಪುಟ್ಟ ಲ್ಯಾಬಿನಲ್ಲಿ ಕೂತು ಆ ಅಳತೆಗೆ ತಕ್ಕ ಹಲ್ಲು ತಯಾರಿಸಿ ಕೊಡುತ್ತೇನೆ. ಇದನ್ನು ಹೇಳಿದರೆ ಜನ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಬೊಂಬೆ ಸಂಗ್ರಹಿಸುತ್ತೇನೆ ಎಂದರೆ ಕೈ ತೆಗೆದೇ ನಗುತ್ತಾರೆ. ಮೊದಲನೆಯ ನಗು ನನಗೆ ಅಭ್ಯಾಸವಾಗಿದೆ. ಎರಡನೆಯದಕ್ಕೆ ಇನ್ನೂ ಮೈ ಉರಿಯುತ್ತದೆ.

ಒಂದರ ಮೇಲೊಂದು ಒತ್ತಿ ಮನೆ, ಕೋಟೆ, ರಾಕೆಟ್ಟು ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳಿವೆಯಲ್ಲ, ಅವುಗಳ ಜೊತೆ ಬರುವ ಪುಟಾಣಿ ಮನುಷ್ಯರೇ ನನ್ನ ಬೊಂಬೆಗಳು. ಹೆಬ್ಬೆರಳಿಗಿಂತ ಗಿಡ್ಡ. ಚುಕ್ಕಿ ಕಣ್ಣು, ಗೆರೆ ಎಳೆದಂಥ ನಗು. ಈಗಿನವು ನನಗೆ ಬೇಡ; ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದವೇ ಬೇಕು. ಮೊದಲ ಇಬ್ಬರು ಸಿಕ್ಕಿದ್ದು ಅಶೋಕಪುರಂನ ನಮ್ಮ ಮನೆಯಲ್ಲಿ. ಅಪ್ಪ ಮೊಳೆ ಹಾಕಿಡಲು ಗುಜರಿ ಅಂಗಡಿಯಿಂದ ಒಂದು ಬಿಸ್ಕತ್ತಿನ ಡಬ್ಬ ತಂದಿದ್ದರು. ಮುಚ್ಚಳ ತೆಗೆದರೆ ಒಳಗೆ ಒಂದು ಬಿಳಿ ಗಗನಯಾತ್ರಿ, ಒಂದು ಕೆಂಪು ಗಗನಯಾತ್ರಿ. ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ಗಾಳಿಯ ಡಬ್ಬಿ. ಅಪ್ಪ ಮೊಳೆಗಳನ್ನು ಹಾಳೆಯಲ್ಲೇ ಸುತ್ತಿಟ್ಟು ಡಬ್ಬವನ್ನು ನನಗೆ ಕೊಟ್ಟುಬಿಟ್ಟರು.

ಅಲ್ಲಿಂದ ಹಿಡಿದ ಹುಚ್ಚು ಇದು. ಗುಜರಿಯವರ ಹತ್ತಿರ ಹಳೇ ಆಟಿಕೆಯ ಮೂಟೆ ಬಂದಿದೆ ಎಂದು ಫೋನು ಬಂದರೆ ನಾನು ಅರ್ಧ ಊಟದಲ್ಲಿ ಎದ್ದಿದ್ದೇನೆ. ಮೂಟೆಯನ್ನು ಹಳೇ ಸೀರೆಯ ಮೇಲೆ ಸುರಿದಾಗ ಕೇಳುವ ಆ ಸದ್ದು, ಮುರಿದ ಕಾರು, ಕಣ್ಣಿಲ್ಲದ ಕರಡಿ, ಬಳಪದ ಚೂರುಗಳ ನಡುವೆ ಒಂದು ಹಳದಿ ತಲೆ ಹೊಳೆಯುವ ಆ ಕ್ಷಣ! ತಲೆ ಒಂದು ಮೂಟೆಯಲ್ಲಿ, ಕಾಲು ಇನ್ನೊಂದರಲ್ಲಿ. ಕೂಡಿಸಿ ಚಟಕ್ಕೆಂದು ಒತ್ತಿದಾಗ ಒಬ್ಬ ಪೂರ್ತಿ ಮನುಷ್ಯ ಎದ್ದು ನಿಲ್ಲುತ್ತಾನೆ. ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ನನ್ನ ಗಂಡ ಹಜಾರದಲ್ಲಿ ಈ ಸಂತೆ ನೋಡಿ, “ಹೆತ್ತವರಿಗೆ ಹೆಗ್ಗಣ ಮುದ್ದು” ಎಂದು ದಾಟಿಕೊಂಡು ಹೋಗುತ್ತಾರೆ. ಹೆಗ್ಗಣವಾದರೇನು, ಮುದ್ದು ಮುದ್ದೇ.

ಈ ಬೊಂಬೆಗಳಿಗೆ ಒಂದೇ ಶಾಪ. ಕೈ ಸಡಿಲವಾಗುತ್ತದೆ, ಎದೆಯ ಪಕ್ಕ ಸೀಳುತ್ತದೆ, ಅದೆಲ್ಲ ಇರಲಿ. ಗಗನಯಾತ್ರಿಗಳ ಹೆಲ್ಮೆಟ್ಟಿಗೆ ಗಲ್ಲದ ಕೆಳಗೆ ಬರುವ ಪಟ್ಟಿಯೊಂದಿದೆ, ದಾರದಷ್ಟು ತೆಳು. ಮಕ್ಕಳು ಹೆಲ್ಮೆಟ್ಟು ಹಾಕಿ ತೆಗೆದು ಆಡಿದರೆ ಮೊದಲು ಹೋಗುವುದೇ ಅದು. ಹಳೆಯ ಹೆಲ್ಮೆಟ್ಟುಗಳಲ್ಲಿ ಪಟ್ಟಿ ಉಳಿದಿರುವುದನ್ನು ಕಾಣುವುದೇ ಅಪರೂಪ. ನನ್ನ ಇಬ್ಬರದೂ ಹೋಗಿತ್ತು. ನನಗೆ ಅದೊಂದು ಕೊರತೆ ಅನ್ನಿಸಿಯೇ ಇರಲಿಲ್ಲ, ಮದುವೆಯಾಗುವವರೆಗೆ.

ನಮ್ಮದು ರಿಜಿಸ್ಟ್ರಾರ್ ಮುಂದೆ ಸಹಿ ಹಾಕಿದ ಮದುವೆ. ನಮ್ಮ ತವರಿನಲ್ಲಿ ದಸರೆಗೆ ಬೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಈ ಮನೆಯಲ್ಲಿ ಅದಿಲ್ಲದೆ ದಸರೆಯೇ ಇಲ್ಲ. ಬಿಳಿ ಬಟ್ಟೆ ಹಾಸಿದ ಮೆಟ್ಟಿಲುಗಳು, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು, ಅಂದರೆ ಮರದಲ್ಲಿ ಮಾಡಿದ ರಾಜ ರಾಣಿ. ಈ ಜೋಡಿಯನ್ನು ಹೆಣ್ಣು ಮದುವೆಯಾಗಿ ಬರುವಾಗ ತವರಿನಿಂದ ತರುತ್ತಾಳೆ. ಅತ್ತೆಯ ಜೋಡಿ ಇದೆ, ಅತ್ತೆಯ ಅತ್ತೆಯ ಜೋಡಿ ಇದೆ, ವಾರಗಿತ್ತಿಯ ಜೋಡಿ ಇದೆ. ನಾನು ತಂದದ್ದು ಎರಡು ಸೂಟ್‌ಕೇಸು ಮತ್ತು ಆ ಬಿಸ್ಕತ್ತಿನ ಡಬ್ಬ.

ಮೊದಲ ದಸರೆಯಲ್ಲಿ ಆಸೆ ತಡೆಯದೆ ಬಿಳಿ ಗಗನಯಾತ್ರಿಯನ್ನು ಅತ್ತೆಯ ಮುಂದೆ ಹಿಡಿದೆ. ಅಪ್ಪ ಕೊಟ್ಟದ್ದು, ಮೆಟ್ಟಿಲ ಕೆಳಗೆ ನೆಲದ ಮೇಲೆ ಮಾಡುವ ಪಾರ್ಕಿನಲ್ಲಾದರೂ ನಿಲ್ಲಿಸಲೇ ಎಂದು ಕೇಳಿದೆ. ಅಲ್ಲಿ ಪ್ಲಾಸ್ಟಿಕ್ ಹಸುವೂ ನಿಲ್ಲುತ್ತದೆ, ಕಾರೂ ನಿಲ್ಲುತ್ತದೆ. ಅತ್ತೆಗೆ ಕಣ್ಣಿನ ಪೊರೆ. ಆಪರೇಷನ್ ಎಂದರೆ ಮಾತು ಮರೆಸುತ್ತಾರೆ. ಆದ್ದರಿಂದ ಬೊಂಬೆಗಳನ್ನು ನೋಡುವುದು ಹೆಬ್ಬೆರಳಿನಿಂದ. ತಲೆಯಿಂದ ಕಾಲಿನವರೆಗೆ ಸವರುತ್ತಾರೆ. ಮೂಗು, ಕಿವಿ, ಬೆರಳು ಎಲ್ಲಿ ಮುಕ್ಕಾಗಿದ್ದರೂ ಆ ಬೊಂಬೆ ಆ ವರ್ಷ ಮೆಟ್ಟಿಲು ಹತ್ತುವ ಹಾಗಿಲ್ಲ, ಪಾರ್ಕಿಗೂ ಇಳಿಯುವ ಹಾಗಿಲ್ಲ. ಅವರ ಹೆಬ್ಬೆರಳು ನನ್ನ ಗಗನಯಾತ್ರಿಯ ಗಲ್ಲದ ಹತ್ತಿರ ನಿಂತಿತು.

“ಇಲ್ಲಿ ಮುಕ್ಕಾಗಿದೆ ಕಣಮ್ಮ. ಒಳಗಿಟ್ಬುಡು” ಅಂದರು.

ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಮುಕ್ಕು ಎಂದದ್ದು ಬೊಂಬೆಗೋ ನನಗೋ ಎಂದು ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಅಂದಿನಿಂದ ಪ್ರತಿ ದಸರೆಯಲ್ಲೂ ಮೆಟ್ಟಿಲು ಒರೆಸುತ್ತೇನೆ, ಬಟ್ಟೆ ಹಾಸುತ್ತೇನೆ, ಬೇರೆಯವರ ತವರಿನ ರಾಜ ರಾಣಿಯರಿಗೆ ಜರಿ ಸುತ್ತುತ್ತೇನೆ. ಡಬ್ಬ ಬೀರುವಿನಲ್ಲೇ ಇರುತ್ತದೆ. ನನಗೆ ಹೊಟ್ಟೆಯುರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಹೋದ ದಸರೆಗೆ ಮುಂಚೆ, ಈ ಸಲ ಪಟ್ಟಿ ಹಾಕಿಸಿಯೇ ತೀರುವುದೆಂದು ಪಟ್ಟು ಹಿಡಿದೆ. ನನ್ನಂಥ ಹುಚ್ಚರದೊಂದು ಫೋನಿನ ಗುಂಪಿದೆ. ಅಲ್ಲಿ ಕೇಳಿದರೆ ಅರ್ಧ ಜನ, ಹಳೆಯದಕ್ಕೆ ಹಳೆಯ ಭಾಗವೇ ಸೇರಬೇಕು, ಇಲ್ಲವಾದರೆ ಹಾಗೇ ಬಿಡಿ ಎಂದರು. ಉಳಿದರ್ಧ, ಹೊಸ ನಕಲು ಹೆಲ್ಮೆಟ್ಟು ಸಿಗುತ್ತದೆ, ತರಿಸಿಕೊಳ್ಳಿ ಎಂದರು. ತರಿಸಿದೆ. ಹಾಕಿ ನೋಡಿದರೆ, ಎಲ್ಲ ಹಲ್ಲೂ ಒಟ್ಟಿಗೆ ಕಟ್ಟಿಸಿಕೊಂಡ ಮದುಮಗನ ಹಾಗೆ ಬೆಳ್ಳಗೆ ಪಳಪಳ. ನನ್ನ ಗಗನಯಾತ್ರಿ ಇಷ್ಟು ವರ್ಷಗಳಲ್ಲಿ ಕೆನೆಯ ಬಣ್ಣಕ್ಕೆ ತಿರುಗಿದ್ದ. ನಕಲನ್ನು ತೆಗೆದು ಬಿಸಾಡಿದೆ.

ಬಿಸಾಡಿದ ಮೇಲೆ ಹೊಳೆಯಿತು. ಕೆನೆಯ ಬಣ್ಣ! ಇಡೀ ದಿನ ನಾನು ಮಾಡುವುದೇನು? ಕಾಫಿ ಕುಡಿದು ಮಾಸಿದ ಹಲ್ಲಿನ ಪಕ್ಕದಲ್ಲಿ ಕೂರುವ ಹೊಸ ಹಲ್ಲಿಗೆ ಅದೇ ಮಾಸಿದ ಬಣ್ಣ ಕೊಡುವುದು. ಮಾರನೆಯ ದಿನ ಡಬ್ಬವನ್ನು ಲ್ಯಾಬಿಗೆ ಒಯ್ದೆ. ಬೇರೆ ಬೇರೆ ಬಣ್ಣದ ಮಾದರಿ ಹಲ್ಲುಗಳ ಸಾಲನ್ನು ಗಗನಯಾತ್ರಿಯ ಹೆಲ್ಮೆಟ್ಟಿನ ಪಕ್ಕ ಹಿಡಿದು ಒಂದೊಂದಾಗಿ ಸರಿಸಿದೆ. ಮೂರನೆಯದು ಅಚ್ಚುಕಟ್ಟಾಗಿ ಹೊಂದಿತು, ಮೈಸೂರಿನ ಅರ್ಧ ಜನಕ್ಕೆ ನಾನು ಕಟ್ಟಿಕೊಡುವ ಅದೇ ಬಣ್ಣ. ಕೂತಲ್ಲೇ ಕುಣಿಯಬೇಕು ಅನ್ನಿಸಿತು.

ಕುಣಿಯದೆ ಇದ್ದದ್ದೇ ಒಳ್ಳೆಯದಾಯಿತು. ಹಲ್ಲು ಮಾಡುವ ಪುಡಿಯನ್ನು ಕಲಸುವ ದ್ರವ ಈ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಅಭ್ಯಾಸಕ್ಕೆಂದು ತೆಗೆದುಕೊಂಡ ಒಡಕು ಹೆಲ್ಮೆಟ್ಟಿನ ಅಂಚು ನೋಡನೋಡುತ್ತಲೇ ಬೆಲ್ಲದ ಹಾಗೆ ಕರಗಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡನೆಯದೂ ಹೋಯಿತು. ಆಮೇಲೆ ದಾರಿ ಸಿಕ್ಕಿತು: ಹಲ್ಲು ನೇರ ಮಾಡಲು ಬಳಸುವ ಅತಿ ಸಣ್ಣ ತಂತಿಯನ್ನು ಮುರಿದ ಎರಡು ತುದಿಗಳಿಗೂ ತೂರಿಸಿ, ಗಲ್ಲದ ಬಳಿ ಬಾಗಿಸಿ, ದ್ರವವನ್ನು ಕುಂಚದ ತುದಿಗೆ ಮುಟ್ಟಿಸಿದೆಯೋ ಇಲ್ಲವೋ ಎನ್ನುವಷ್ಟು ತಗುಲಿಸಿ, ಪುಡಿಯನ್ನು ಹನಿ ಹನಿಯಾಗಿ ತಂತಿಯ ಮೇಲೆ ಕೂರಿಸುವುದು. ಒಣಗಿದ ಮೇಲೆ ಉಜ್ಜಿ ನುಣುಪು ಮಾಡಬೇಕು. ನಮ್ಮ ಕಸುಬಿನಲ್ಲಿ ಕಟ್ಟಿದ ಹಲ್ಲಿನ ಸಂದು ನಾಲಿಗೆಗೆ ತಿಳಿಯಬಾರದು. ಇಲ್ಲಿ ಅತ್ತೆಯ ಹೆಬ್ಬೆರಳಿಗೆ ತಿಳಿಯಬಾರದು.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಅತ್ತೆ ಸ್ಟೂಲಿನ ಮೇಲೆ ಕೂತು ಬೊಂಬೆಗಳನ್ನು ಸವರುತ್ತಿದ್ದರು. ಬೆಳಿಗ್ಗೆ ಎದ್ದರೆ ನವರಾತ್ರಿ. ಮರದವು, ಮಣ್ಣಿನವು ಎಲ್ಲ ಮುಗಿದ ಮೇಲೆ ನಾನು ಗಗನಯಾತ್ರಿಯನ್ನು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳು ಹೆಲ್ಮೆಟ್ಟಿನ ಮೇಲೆ ಹೋಯಿತು, ಬೆನ್ನಿನ ಡಬ್ಬಿ ದಾಟಿತು, ಗಲ್ಲಕ್ಕೆ ಬಂತು. ಅಲ್ಲಿ ಹೋಯಿತು, ಬಂತು, ಮತ್ತೆ ಹೋಯಿತು.

“ನೀನೇ ಕೂಡಿಸಿದ್ಯಾ?” ಅಂದರು.

ಸಿಕ್ಕಿಬಿದ್ದೆ ಅಂದುಕೊಂಡು ಹೂಂ ಎಂದೆ.

“ಚೆನ್ನಾಗಿ ಕೂಡಿಸಿದ್ದೀಯ. ಇದು ನಿಮ್ಮಪ್ಪ ಕೊಟ್ಟಿದ್ದಲ್ವ?”

“ಹೌದತ್ತೆ. ಪಾರ್ಕಿನಲ್ಲಿ ಹಸುವಿನ ಪಕ್ಕ ನಿಲ್ಲಿಸಲಾ?”

“ತವರಿಂದ ಬಂದಿದ್ದನ್ನ ಯಾರಾದ್ರೂ ನೆಲದ ಮೇಲೆ ನಿಲ್ಲುಸ್ತಾರೇನಮ್ಮ? ಮ್ಯಾಲಿನ ಮೆಟ್ಲಿಗೆ ಇಡು. ಆದ್ರೆ ಪಟ್ಟದ್ದು ಒಂಟಿ ಕೂರ್ಸೋ ಹಂಗಿಲ್ಲ. ಇವನ ಹೆಂಡ್ತಿ ಎಲ್ಲಿ?”

ಹೆಂಡತಿ ಬೀರುವಿನಲ್ಲಿದ್ದಳು, ಡಬ್ಬದೊಳಗೆ, ಕೆಂಪು ಬಟ್ಟೆಯಲ್ಲಿ, ಮುರಿದ ಪಟ್ಟಿಯೊಂದಿಗೆ. ಅವಳ ಗೊಡವೆಗೆ ನಾನು ಹೋಗಿರಲಿಲ್ಲ, ಏಕೆಂದರೆ ಕೆಂಪು ಹಲ್ಲು ಯಾರೂ ಕಟ್ಟಿಸಿಕೊಳ್ಳುವುದಿಲ್ಲ, ಆ ಪುಡಿ ನನ್ನ ಬಳಿ ಇಲ್ಲ. ಇರಲಿ ಬಿಡು ಎಂದು ಡಬ್ಬ ಎತ್ತಿಕೊಂಡು ಚಪ್ಪಲಿ ಮೆಟ್ಟಿದೆ. ಅಮಾವಾಸ್ಯೆಗೆ ಲ್ಯಾಬು ಮುಚ್ಚಿತ್ತು. ಬೀಗದ ಕೈ ನನ್ನ ಹತ್ತಿರವೇ ಇತ್ತು. ಕೆಂಪಿಗೆ ಹತ್ತಿರವಾಗಿ ಇದ್ದದ್ದು ವಸಡು ಮಾಡುವ ಗುಲಾಬಿ ಪುಡಿಯೊಂದೇ. ಅದನ್ನೇ ಹಾಕಿದೆ. ಇಂಥ ಸಂಭ್ರಮದಲ್ಲಿ ನಾನು ಯಾವ ಹಲ್ಲನ್ನೂ ಕಟ್ಟಿಲ್ಲ.

ಮನೆಗೆ ಬಂದಾಗ ಗಂಡ ಪಾಳಿ ಮುಗಿಸಿ ಬಂದು ಕಾಫಿ ಹಿಡಿದು ಕೂತಿದ್ದರು. ರಾಣಿಯನ್ನು ನೋಡಿದವರೇ, “ಇದೇನೇ, ಇವಳಿಗೆ ವಸಡು ಗಲ್ಲದ ಮೇಲೆ ಬಂದ್ಬುಟ್ಟಿದೆ” ಎಂದು ನಕ್ಕರು. ಅತ್ತೆ ಬೊಂಬೆಯನ್ನು ಈಸಿಕೊಂಡು ಗಲ್ಲ ಸವರಿ, ಬಣ್ಣ ಹೇಗಿದೆ ಎಂದು ಕೇಳಿದರು. ಕೆಂಪು ಹೆಲ್ಮೆಟ್ಟಿಗೆ ಗುಲಾಬಿ ಪಟ್ಟಿ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

“ಇರ್ಲಿ ಬುಡು, ಹೆಣ್ಮಕ್ಕಳಿಗೆ ಗುಲಾಬಿ ಒಪ್ತದೆ” ಅಂದು ಮಗನ ಕಡೆ ಚಾಚಿದರು. “ಎತ್ತರ ಇದ್ದೀಯ, ನೀನೇ ಇಡು.”

ಮರುದಿನ ಪೂಜೆಯಾದ ಮೇಲೆ ಎದುರು ಮನೆಯವರು ಅರಿಶಿನ ಕುಂಕುಮಕ್ಕೆ ಬಂದರು. ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋದವರ ಕಣ್ಣು ಮೇಲಿನ ಮೆಟ್ಟಿಲಲ್ಲಿ ನಿಂತುಬಿಟ್ಟಿತು. ಮೂರು ಜೊತೆ ಮರದ ರಾಜ ರಾಣಿಯರ ಪಕ್ಕದಲ್ಲಿ, ಅವರ ಮೊಣಕಾಲಿಗೂ ಬಾರದ ಇಬ್ಬರು, ಜರಿಯ ತುಂಡು ಸುತ್ತಿಕೊಂಡು.

“ಇದೇನ್ರೀ, ಪಟ್ಟದ ಬೊಂಬೆ ಸಾಲಲ್ಲಿ ಹೆಲ್ಮೆಟ್ಟು ಹಾಕ್ಕೊಂಡು ನಿಂತವ್ರೆ?” ಎಂದು ಕೇಳಿದರು.

ಅತ್ತೆ ಕುಂಕುಮದ ಬಟ್ಟಲು ಮುಂದೆ ಹಿಡಿದು, “ನಮ್ಮ ಸೊಸೆ ತವರಿಂದ ತಂದ ಪಟ್ಟದ ಬೊಂಬೆ ಕಣ್ರೀ. ಅವರ ಕಡೆ ರಾಜ ರಾಣಿ ಹಂಗೇ ಇರೋದು” ಅಂದರು.

ಬಂದವರಿಗೆ ಕೊಡುವ ತಿಂಡಿಯ ಪೊಟ್ಟಣ ತರುವ ನೆಪದಲ್ಲಿ ನಾನು ಅಡುಗೆಮನೆಗೆ ಹೋದೆ. ಕಣ್ಣು ಒರೆಸಿಕೊಂಡು ಅಶೋಕಪುರಂಗೆ ಫೋನು ಮಾಡಿ, ಅಪ್ಪನಿಗೆ, ಸಂಜೆ ನಮ್ಮ ಮನೆಗೆ ಬೊಂಬೆ ನೋಡಲು ಬನ್ನಿ ಎಂದೆ. ಮದುವೆಯಾದ ಮೇಲೆ ಅವರನ್ನು ದಸರೆಗೆ ಕರೆದದ್ದು ಅದೇ ಮೊದಲು.